ಗ್ಲೈಡರಿಗೆ ಬಾಲ ಇದೆಯೇ ಎಂದು ಮೊದಲು ಕೇಳಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಮುಂಬೈ ಬಳಿಯ ಠಾಣೆ ಊರಿನ ತಂದೆಯೊಬ್ಬರು ಬರೆದ ಪತ್ರವನ್ನು ಎರಡು ಸಲ ಓದಿದೆ. ರೇಡಿಯೊ ನಿಯಂತ್ರಿತ ಮಾದರಿ ಗ್ಲೈಡರ್ (ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಪುಟ್ಟ ವಿಮಾನ) ಕಟ್ಟುವ ಗೀಳು ಹತ್ತಿದ ಅವರ ಮಗ ಮೂರು ತಿಂಗಳ ಕಾಲ ಮೊಬೈಲಿನಲ್ಲಿ ಅಪರಿಚಿತರು ಕೊಟ್ಟ ಸಲಹೆಗಳನ್ನೇ ನಂಬಿ ಕೆಲಸ ಮಾಡಿದ, ಮೊದಲ ದಿನವೇ ವಿಮಾನ ಮೈದಾನದ ಅಂಚಿನ ಗೋಡೆಗೆ ಬಡಿದು ಚೂರಾಯಿತು, ಆದ್ದರಿಂದ ಎಂಜಿನಿಯರಿಂಗ್ ಓದದವರು ಇಂಥ ತಾಂತ್ರಿಕ ವಿಷಯಗಳಲ್ಲಿ ಆನ್‌ಲೈನ್ ಸಲಹೆ ಕೊಡುವುದನ್ನು ನಿಲ್ಲಿಸಬೇಕು ಎಂಬುದು ಅವರ ವಾದದ ಸಾರ. ಹುಡುಗನ ಬೇಸರವೂ ತಂದೆಯ ಸಿಟ್ಟೂ ನನಗೆ ಅರ್ಥವಾಗುತ್ತವೆ. ಆದರೆ ಅವರು ಬೊಟ್ಟು ಮಾಡಿರುವ ಜಾಗದಲ್ಲಿ ತಪ್ಪು ಇಲ್ಲ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನೂ ಎಂಜಿನಿಯರ್ ಅಲ್ಲ. ಬೆಳಗಾವಿ ಕಡೆಯಿಂದ ಬಂದು ಪುಣೆ ಬಳಿಯ ಚಿಂಚವಡದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 28 ವರ್ಷ ದುಡಿದು ನಿವೃತ್ತನಾದವನು. ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ ಮನುಷ್ಯರು ಕೂರುವ ನಿಜವಾದ ಗ್ಲೈಡರನ್ನು ವಿಂಚ್ ಎಂಬ ಸುತ್ತುವ ಯಂತ್ರದ ತಂತಿಯಿಂದ ಎಳೆದು ಗಾಳಿಗೇರಿಸುವುದನ್ನು ಒಂದು ರಜೆಯ ದಿನ ಬೇಲಿಯ ಆಚೆ ನಿಂತು ನೋಡಿದೆ. ತಂತಿ ಕಳಚಿಕೊಂಡ ಮೇಲೆ ಎಂಜಿನ್ನಿನ ಸದ್ದೇ ಇಲ್ಲದೆ ಅದು ಒಂದು ಸುತ್ತು ಹಾಕಿತಲ್ಲ, ಆ ನಿಶ್ಶಬ್ದವೇ ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು. ಮನೆಯಲ್ಲಿ ಇದನ್ನು ಇಂದಿಗೂ 'ಮುದುಕನ ಗಾಳಿಪಟ' ಎಂದೇ ಕರೆಯುತ್ತಾರೆ.

ನನ್ನ ಮೊದಲ ಎರಡು ಗ್ಲೈಡರುಗಳು ಥರ್ಮಾಕೋಲಿನವು, ಬಾಲವುಳ್ಳವು, ಚೆನ್ನಾಗಿಯೇ ಹಾರಿದವು. ಮೂರನೆಯದನ್ನು ಬಾಲವೇ ಇಲ್ಲದಂತೆ, ಬರೀ ಒಂದು ರೆಕ್ಕೆಯಾಗಿ ಕಟ್ಟಬೇಕೆಂದು ಆಸೆಪಟ್ಟೆ. ಅದರ ಗುರುತ್ವ ಕೇಂದ್ರ, ಅಂದರೆ ಇಡೀ ತೂಕ ಸಮತೋಲದಲ್ಲಿ ನಿಲ್ಲುವ ಬಿಂದು, ಎಲ್ಲಿರಬೇಕು ಎಂದು ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಕೇಳಿದೆ. ಐದು ನಿಮಿಷದೊಳಗೆ ಉತ್ತರ ಬಂತು: ರೆಕ್ಕೆಯ ಅಗಲದ ಮೂರನೇ ಒಂದು ಭಾಗದಲ್ಲಿ ಇಡಿ, ಧೈರ್ಯವಾಗಿ ಹಾರಿಸಿ. ಅಗಲವೆಂದರೆ ಇಲ್ಲಿ ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಅಳತೆ. ನನ್ನ ರೆಕ್ಕೆಯಲ್ಲಿ ಅದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿ 20 ಸೆಂಟಿಮೀಟರ್ ಇತ್ತು. ಮುಂದಂಚಿನಿಂದ 6.6 ಸೆಂಟಿಮೀಟರಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ, ಎರಡು ಬೆರಳ ತುದಿಯ ಮೇಲೆ ವಿಮಾನ ಅಲುಗದೆ ನಿಲ್ಲುವವರೆಗೂ ಸರಿಮಾಡಿದೆ. ಇಡೀ ಆಯುಷ್ಯ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಾಗಿ ಇನ್‌ಸ್ಪೆಕ್ಟರುಗಳೊಂದಿಗೆ ಜಗಳವಾಡಿದವನು ನಾನು. ಗೆರೆಯ ಮೇಲೇ ನಿಂತಿತು ಎಂದು ಹೆಮ್ಮೆಯೂ ಆಯಿತು.

ಎಸೆದ ಮರುಕ್ಷಣವೇ ಅದರ ಮೂಗು ಮೇಲೆದ್ದಿತು. ನಾನು ಕೈಯಲ್ಲಿದ್ದ ರೇಡಿಯೊ ಪೆಟ್ಟಿಗೆಯ ನಿಯಂತ್ರಣ ಕಡ್ಡಿಯನ್ನು ಮುಂದಕ್ಕೆ ಒತ್ತಿದೆ, ಮೂಗು ಸರ್ರನೆ ಕೆಳಗಿಳಿಯಿತು. ಎತ್ತಲು ಹೋದೆ, ಮತ್ತೆ ಬೇಕಾದದ್ದಕ್ಕಿಂತ ಹೆಚ್ಚು ಎದ್ದು, ಗಾಳಿಯಲ್ಲಿ ನಿಂತಂತಾಗಿ, ಎಡಕ್ಕೆ ಹೊರಳಿ ನೆಲಕ್ಕೆ ಬಿತ್ತು. ನಾಲ್ಕು ಸೆಕೆಂಡು ಹಾರಿತೋ ಇಲ್ಲವೋ. ಆರು ವಾರದ ಸಂಜೆಗಳ ಕೆಲಸ ಅದು.

ಕಾರಣ ತಿಳಿದದ್ದು ಆಮೇಲೆ. ರೆಕ್ಕೆಯ ಮೂಗು ಸ್ವಲ್ಪ ಮೇಲೆದ್ದಾಗ ಹೆಚ್ಚುವರಿಯಾಗಿ ಹುಟ್ಟುವ ಎತ್ತುಬಲವು ಮುಂದಂಚಿನಿಂದ ಸುಮಾರು ಕಾಲು ಭಾಗ ಹಿಂದಿರುವ ಒಂದು ಬಿಂದುವಿನಲ್ಲಿ ಕೆಲಸ ಮಾಡುತ್ತದೆ. ವಿಮಾನದ ತೂಕದ ಕೇಂದ್ರ ಆ ಬಿಂದುವಿಗಿಂತ ಮುಂದಿದ್ದರೆ ಎದ್ದ ಮೂಗನ್ನು ಅದೇ ಬಲ ಕೆಳಗಿಳಿಸುತ್ತದೆ. ಹಿಂದಿದ್ದರೆ ಎದ್ದ ಮೂಗನ್ನು ಇನ್ನಷ್ಟು ಎತ್ತುತ್ತದೆ. ಬಾಲವುಳ್ಳ ಗ್ಲೈಡರಿನಲ್ಲಿ ದೂರದಲ್ಲಿರುವ ಬಾಲದ ಹಲಗೆಯೂ ಈ ಲೆಕ್ಕದಲ್ಲಿ ಸೇರಿಕೊಂಡು ಇಡೀ ವಿಮಾನದ ಮಟ್ಟಿಗೆ ಆ ಬಿಂದುವನ್ನು ಹಿಂದಕ್ಕೆ ತಳ್ಳುವುದರಿಂದ ಮೂರನೇ ಒಂದು ಭಾಗವೆಂಬ ಸೂತ್ರ ಅಲ್ಲಿ ಸುರಕ್ಷಿತವಾಗಿಯೇ ನಡೆಯುತ್ತದೆ. ಬಾಲವಿಲ್ಲದ ರೆಕ್ಕೆಗೆ ಆ ಆಸರೆ ಇಲ್ಲ. ಅದಕ್ಕೆ ಅಗಲದ ಶೇಕಡ 15ರಿಂದ 20ರೊಳಗೆ, ಅಂದರೆ ನನ್ನ ರೆಕ್ಕೆಗೆ 3ರಿಂದ 4 ಸೆಂಟಿಮೀಟರಿನ ನಡುವೆ, ತೂಕ ನಿಲ್ಲಬೇಕಿತ್ತು. ನಾನು ನಿಲ್ಲಿಸಿದ್ದು ಅಪಾಯದ ಗೆರೆಯಾದ 5 ಸೆಂಟಿಮೀಟರನ್ನೂ ದಾಟಿ, ಇನ್ನೂ ಒಂದೂವರೆ ಸೆಂಟಿಮೀಟರಿಗಿಂತ ಹಿಂದೆ.

ಹಾಗಾದರೆ ಸಲಹೆ ಕೊಟ್ಟವರು ಸುಳ್ಳು ಹೇಳಿದರೇ? ಇಲ್ಲ. ಬಾಲವುಳ್ಳ ನೂರಾರು ಗ್ಲೈಡರುಗಳಿಗೆ ಅದು ಒಳ್ಳೆಯ ಆರಂಭದ ಅಳತೆ, ನನ್ನ ಮೊದಲ ಎರಡಕ್ಕೂ ಅದೇ ಅಳತೆಯಿತ್ತು. ಅವರು ಯಾವ ಜಾತಿಯ ವಿಮಾನ ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಐದು ನಿಮಿಷದಲ್ಲಿ ಉತ್ತರಿಸುವ ಆತುರದಲ್ಲಿ ದೊಡ್ಡ ಪದವಿ ಪಡೆದವರೂ ಅದನ್ನೇ ಹೇಳಿಯಾರು. ಠಾಣೆಯ ಓದುಗರೊಂದಿಗೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿ: ಸಲಹೆಗೆ ಬೇಕಾದದ್ದು ಪದವಿಯಲ್ಲ, ಅದು ಯಾವ ವಿಮಾನಕ್ಕೆ, ಎಷ್ಟು ತೂಕಕ್ಕೆ, ಎಂಥ ಗಾಳಿಗೆ ಅನ್ವಯಿಸುತ್ತದೆ ಎಂಬ ವಿವರ. ಆ ವಿವರ ಕಳಚಿಹೋದ ಸಲಹೆ ಬೇರೊಬ್ಬರ ಕೀಲಿಕೈ ಇದ್ದಂತೆ, ನಮ್ಮ ಬಾಗಿಲಿಗೆ ಹಾಕಿ ತಿರುವಿದರೆ ಬೀಗವೇ ಕೆಡುತ್ತದೆ.

ನನ್ನನ್ನು ದಾರಿಗೆ ತಂದವರು ನಿಪ್ಪಾಣಿಯ ನಿವೃತ್ತ ಶಾಲಾ ಶಿಕ್ಷಕರೊಬ್ಬರು. ಗುಂಪಿನಲ್ಲಿ ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಾರೆ. ಮುರಿದ ರೆಕ್ಕೆಯ ಚಿತ್ರ ಹಾಕಿ ಹೀಗೇಕಾಯಿತು ಎಂದು ಕೇಳಿದಾಗ ಉಳಿದವರು ಮೋಟರು ಹಾಕಿ, ಅಂಟು ಬದಲಿಸಿ, ಸರ್ವೊ (ರೆಕ್ಕೆಯ ಪಟ್ಟಿಯನ್ನು ಅಲುಗಾಡಿಸುವ ಪುಟ್ಟ ಯಂತ್ರ) ಬದಲಿಸಿ ಎಂದರು. ಮಾಸ್ತರರ ಸಂದೇಶ ಮಾತ್ರ ರಾತ್ರಿ ಹತ್ತಕ್ಕೆ ಬಂತು: "ಬಾಲ ಐತೇನ್ರಿ ಅದಕ್ಕ?" ಇಲ್ಲ ಎಂದೆ. ಆಮೇಲೆ ಒಂದೊಂದಾಗಿ ಕೇಳಿದರು. ಒಟ್ಟು ತೂಕ ಎಷ್ಟು, ತುದಿಯಿಂದ ತುದಿಗೆ ಉದ್ದ ಎಷ್ಟು, ನಡುವಿನ ಅಗಲವೂ ತುದಿಯ ಅಗಲವೂ ಒಂದೇನಾ, ರೆಕ್ಕೆ ಹಿಂದಕ್ಕೆ ಬಾಗಿದೆಯೇ, ಹಿಂದಂಚಿನ ಅಲುಗಾಡುವ ಪಟ್ಟಿ ಎಷ್ಟು ಮಿಲಿಮೀಟರ್ ಮೇಲೆ ಕೆಳಗೆ ಹೋಗುತ್ತದೆ, ಎಸೆದದ್ದು ಗಾಳಿಗೆ ಎದುರಾಗಿಯೋ ಬೆನ್ನಾಗಿಯೋ. ಉಕ್ಕಿನ ಸ್ಕೇಲು ಹಿಡಿದು ರಾತ್ರಿ ಹನ್ನೊಂದೂವರೆಯವರೆಗೆ ಅಳೆದು ಉತ್ತರ ಕಳಿಸಿದೆ. "ಬಾಲ ಇಲ್ದಿದ್ರ ಆ ಲೆಕ್ಕ ನಡಿಯಂಗಿಲ್ರಿ. 3 ಸೆಂಟಿಮೀಟರಿಗೆ ಸುರು ಮಾಡ್ರಿ, ಹುಲ್ಲಿನ ಮ್ಯಾಲ ಎಸೀರಿ, ಒಂದೊಂದ ಸಲ 2 ಮಿಲಿಮೀಟರ್ ಹಿಂದಕ್ಕ ಸರಸ್ರಿ," ಎಂದು ಬರೆದರು. ಅಷ್ಟು ಪ್ರಶ್ನೆ ಕೇಳದೆ ಆ ಮೂರು ಸಾಲು ಬರೆಯಲು ಸಾಧ್ಯವೇ ಇರಲಿಲ್ಲ.

ಆ ಅಳತೆ ಸರಿಯಾಗಿದೆಯೇ ಎಂದು ಹಾರಾಟದಲ್ಲೇ ಪರೀಕ್ಷಿಸುವ ಕ್ರಮವನ್ನೂ ಅವರೇ ಕಲಿಸಿದರು. ಅದು ಅನೇಕರಿಗೆ ಉಪಯೋಗವಾಗಬಹುದಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. ಮೊದಲು ಕಡ್ಡಿ ಮುಟ್ಟದಿದ್ದರೂ ಗ್ಲೈಡರ್ ನೇರವಾಗಿ, ನಿಧಾನವಾಗಿ ಇಳಿಯುವಂತೆ ಟ್ರಿಮ್, ಅಂದರೆ ಕಡ್ಡಿ ಬಿಟ್ಟಾಗ ಪಟ್ಟಿ ನಿಲ್ಲುವ ಜಾಗ, ಹೊಂದಿಸಿಕೊಳ್ಳಬೇಕು. ಸಾಕಷ್ಟು ಎತ್ತರದಲ್ಲಿ ಮೂಗನ್ನು ಕೆಳಕ್ಕೆ ತಿರುಗಿಸಿ, ಮಾಳಿಗೆಯ ಏಣಿಯಷ್ಟು ಇಳಿಜಾರಾಗಿ ಧುಮುಕಿಸಿ, ವೇಗ ಬಂದ ಮೇಲೆ ಕಡ್ಡಿಯನ್ನು ಪೂರ್ತಿ ಬಿಡಬೇಕು. ತಟ್ಟನೆ ಮೂಗೆತ್ತಿ ಮೇಲಕ್ಕೆ ಜಿಗಿದರೆ ಮುಂಭಾಗ ಹೆಚ್ಚು ಭಾರವಾಗಿದೆ. ಇನ್ನೂ ಕಡಿದಾಗಿ ಕೆಳಗೇ ನುಗ್ಗಿದರೆ ತೂಕ ತೀರ ಹಿಂದಿದೆ, ತಕ್ಷಣ ಎತ್ತಿ ಇಳಿಸಬೇಕು. ಅವಸರವಿಲ್ಲದೆ, ದೊಡ್ಡ ಬಾಗಿನಲ್ಲಿ ತಾನೇ ಸಮಸ್ಥಿತಿಗೆ ಬಂದರೆ ಹದ ಸರಿಯಾಗಿದೆ. ಮುರಿದದ್ದರ ಬದಲು ಕಟ್ಟಿದ ಎರಡನೆಯ ಬಾಲವಿಲ್ಲದ ರೆಕ್ಕೆಯಲ್ಲಿ ತೂಕವನ್ನು ಹೀಗೆ ಸರಿಸುತ್ತಾ ಹೋಗಿ ನಾನು 3.6 ಸೆಂಟಿಮೀಟರಿಗೆ ನಿಲ್ಲಿಸಿದೆ. ಅದು ಈಗಲೂ ಹಾರುತ್ತಿದೆ.

ಅನ್ವಯದ ವಿವರ ಇಲ್ಲದ ಸಲಹೆ ಗುರುತ್ವ ಕೇಂದ್ರಕ್ಕಷ್ಟೇ ಸೀಮಿತವಲ್ಲ. ಫೆವಿಕ್ವಿಕ್ ಹಾಕಿ ಅಂಟಿಸಿ ಎನ್ನುವವರ ವಿಮಾನ ಬಾಲ್ಸಾ ಮರದ್ದೋ ಇಪಿಪಿ ಎಂಬ ಬೇರೆ ಬಗೆಯ ಫೋಮಿನದ್ದೋ ಆಗಿರುತ್ತದೆ. ಅದನ್ನೇ ಕೇಳಿ ಥರ್ಮಾಕೋಲಿಗೆ ಹಾಕಿದವನ ರೆಕ್ಕೆಯಲ್ಲಿ ಕಣ್ಣೆದುರೇ ತೂತು ಬೀಳುತ್ತದೆ. ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿಯನ್ನು ವಿಮಾನದೊಳಗಿನ ರೇಡಿಯೊ ರಿಸೀವರಿಗೆ ನೇರವಾಗಿ ಕೊಡಿ ಎನ್ನುವವರ ಸರ್ವೊಗಳು ಹೆಚ್ಚಿನ ವೋಲ್ಟೇಜು ತಾಳುವಂಥವು. ಬುಧವಾರ ಪೇಟೆಯಲ್ಲಿ ಅಗ್ಗಕ್ಕೆ ಕೊಂಡ, 6 ವೋಲ್ಟಿನ ಮಿತಿಯ ಸರ್ವೊಗೆ ಪೂರ್ತಿ ಚಾರ್ಜಾದ ಬ್ಯಾಟರಿಯ 8.4 ವೋಲ್ಟು ಹೋದರೆ ಸುಟ್ಟ ವಾಸನೆಯೇ ಗತಿ.

ಇನ್ನೂ ಗಂಭೀರವಾದದ್ದು ಸ್ಥಳದ ವಿಚಾರ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರ ಹಿಂಬದಿಯಲ್ಲಿ ಸ್ಪೆನ್ಸರ್ ಲಿಸೆನ್ಬಿ ಎಂಬವರು ಮೋಟರಿಲ್ಲದ ಮಾದರಿ ಗ್ಲೈಡರನ್ನು ಗಂಟೆಗೆ 880 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರಿಸಿ ದಾಖಲೆ ಮಾಡಿದರು. ಬೆಟ್ಟದ ನೆತ್ತಿಯ ಮೇಲೆ ಬೀಸುವ ಜೋರು ಗಾಳಿಗೂ ಅದರ ಮರೆಯಲ್ಲಿ ನಿಂತ ಗಾಳಿಗೂ ಇರುವ ವ್ಯತ್ಯಾಸದಿಂದ ಪ್ರತಿ ಸುತ್ತಿನಲ್ಲೂ ಶಕ್ತಿ ಪಡೆಯುವ ವಿಧಾನವದು. ಕಡಲ ಮೇಲೆ ಆಲ್ಬಟ್ರಾಸ್ ಹಕ್ಕಿ ಮಾಡುವುದೂ ಇದನ್ನೇ. ಆ ವಿಡಿಯೊ ನೋಡಿದ ಹುಡುಗರು ಪುಣೆ ಬಳಿಯ ಮಾವಳದ ಗುಡ್ಡಗಳಿಗೆ ಥರ್ಮಾಕೋಲಿನ ಗ್ಲೈಡರ್ ತಂದು ಗುಡ್ಡದ ಹಿಂಬದಿಗೆ ತಿರುಗಿಸುವುದನ್ನು ನಾನೇ ಕಂಡಿದ್ದೇನೆ. ಅಲ್ಲಿ ಗಾಳಿ ಸುಳಿಯಾಗಿ ಕೆಳಕ್ಕೆ ಎಳೆಯುತ್ತದೆ, ಹಗುರ ವಿಮಾನ ಕಲ್ಲಿನಂತೆ ಬೀಳುತ್ತದೆ. ಕಲಿಯುವವರು ಗಾಳಿಗೆ ಎದೆಕೊಟ್ಟ ಇಳಿಜಾರಿನ ಮುಂದೆಯೇ, ಮೇಲೆದ್ದು ಬರುವ ಗಾಳಿಯ ಪಟ್ಟೆಯಲ್ಲೇ ಓಡಾಡಬೇಕು. ಕಾಮಶೇತಿನ ಸುತ್ತ ಪ್ಯಾರಾಗ್ಲೈಡರುಗಳು ಹಾರುವ ಕಾಲದಲ್ಲಿ ಅದೂ ಬೇಡ. ಅಲ್ಲಿ ತೇಲುತ್ತಿರುವುದು ಮನುಷ್ಯರು.

'ಕಣ್ಣಿಗೆ ಕಾಣುವಷ್ಟು ಎತ್ತರಕ್ಕೆ ಹಾರಿಸಿ' ಎಂಬ ವಿದೇಶಿ ಹವ್ಯಾಸಿಗಳ ಮಾತಂತೂ ಪುಣೆಯಲ್ಲಿ ನಡೆಯುವಂಥದ್ದಲ್ಲ. ನಮ್ಮಲ್ಲಿ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಹವ್ಯಾಸಕ್ಕಾಗಿ ಹಾರಿಸುವ 2 ಕಿಲೋವರೆಗಿನ ವಿಮಾನಕ್ಕೆ ಪೈಲಟ್ ಪರವಾನಗಿ ಬೇಕಿಲ್ಲ ನಿಜ, ಆದರೆ ಅನುಮತಿ ಇಲ್ಲದೆ ಹಾರಿಸಬಹುದಾದ ಹಸಿರು ವಲಯದಲ್ಲೂ 400 ಅಡಿಯ ಮಿತಿ ಇದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರಿನೊಳಗೆ ಆ ಮಿತಿ 200 ಅಡಿಗೆ ಇಳಿಯುತ್ತದೆ. ಪುಣೆಯ ವಿಮಾನ ನಿಲ್ದಾಣವಿರುವ ಲೋಹಗಾಂವ್ ವಾಯುಪಡೆಯ ನೆಲೆ. ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಈ ಊರಿನಲ್ಲಿ ಯಾರಿಗೂ ಜಾಗ ಸೂಚಿಸಬಾರದು. ಹದ್ದುಗಳು ಸುತ್ತುವ ಕಡೆ ಬಿಸಿಗಾಳಿ ಏಳುತ್ತಿರುತ್ತದೆ, ಅಲ್ಲಿಗೆ ಹೋಗಿ ಎಂಬ ಸಲಹೆಯನ್ನು ನಾನೂ ಕೊಡುತ್ತೇನೆ. ಆದರೆ ಆ ಗಾಳಿ 400 ಅಡಿಗೆ ನಿಲ್ಲುವುದಿಲ್ಲ, ಇಳಿಯುವುದು ಹೇಗೆಂದು ಕಲಿತ ಮೇಲೆ ಏರುವುದನ್ನು ಕಲಿಯಿರಿ ಎಂಬುದನ್ನೂ ಸೇರಿಸುತ್ತೇನೆ.

ನಮ್ಮ ಕನ್ನಡ ಗುಂಪುಗಳ ಬಗ್ಗೆಯೂ ಒಂದು ಆಕ್ಷೇಪವಿದೆ. ಹೆಚ್ಚಿನ ಉತ್ತರಗಳು ಧ್ವನಿ ಸಂದೇಶದ ರೂಪದಲ್ಲಿ ಬರುತ್ತವೆ. ಕೇಳಲು ಹಿತ, ಹುಡುಕಲು ಅಸಾಧ್ಯ. ಆದ್ದರಿಂದ ಒಂದೇ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ, ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಬೇರೆಯಾದ ಉತ್ತರ ಸಿಗುತ್ತದೆ. ವಿಮಾನದ ಅಲುಗಾಡುವ ಪಟ್ಟಿಗಳ ಹೆಸರಾದ ಎಲಿವೇಟರು, ಏಲೆರಾನು ಎಂಬ ಪದಗಳಿಗೆ ಕನ್ನಡ ಹುಡುಕುತ್ತಾ ಕೂರಬೇಕಾಗಿಲ್ಲ, ಇದ್ದ ಪದಗಳಲ್ಲೇ ನಾಲ್ಕು ಸಾಲು ಬರೆದರೆ ಸಾಕು. ಇನ್ನೊಂದು, ಹಾರಿದ ವಿಮಾನದ ವಿಡಿಯೊ ಎಲ್ಲರೂ ಹಾಕುತ್ತಾರೆ, ಬಿದ್ದದ್ದನ್ನು ಚೀಲಕ್ಕೆ ತುಂಬಿ ಸುಮ್ಮನೆ ಮನೆಗೆ ಹೋಗುತ್ತಾರೆ. ಸಲಹೆ ಪಡೆದವನು ಅದು ಫಲಿಸಿತೋ ಕೆಟ್ಟಿತೋ ಎಂದು ಮರಳಿ ಹೇಳದಿದ್ದರೆ ಕೊಟ್ಟವನಿಗೆ ತನ್ನ ತಪ್ಪು ತಿಳಿಯುವುದಾದರೂ ಹೇಗೆ? ಇದರಲ್ಲಿ ನನ್ನ ಪಾಲೂ ಇದೆ. ಮೂರನೇ ಒಂದು ಭಾಗ ಎಂದವರಿಗೆ ನನ್ನ ರೆಕ್ಕೆ ಬಿದ್ದ ಸಂಗತಿಯನ್ನು ಸಂಕೋಚದಿಂದ ಎಂಟು ತಿಂಗಳು ತಿಳಿಸಿರಲಿಲ್ಲ. ತಿಳಿಸಿದ ದಿನ ಅವರು ಗುಂಪಿನಲ್ಲಿ ತಮ್ಮ ಸಲಹೆಯನ್ನು ಪುನಃ ಬರೆದು, ಮೊದಲಿಗೆ 'ಬಾಲವಿರುವ ಗ್ಲೈಡರಿಗೆ ಮಾತ್ರ' ಎಂದು ಸೇರಿಸಿದರು.

ಠಾಣೆಯ ಆ ಹುಡುಗನಿಗೆ ಮತ್ತೊಂದು ಗ್ಲೈಡರ್ ಕಟ್ಟುವ ಮನಸ್ಸಿದ್ದರೆ, ಮುರಿದ ವಿಮಾನದ ತೂಕ, ರೆಕ್ಕೆಯ ಉದ್ದ ಅಗಲ, ತೂಕ ನಿಂತ ಜಾಗ, ಇವನ್ನು ಬರೆದು ತಮ್ಮ ಪತ್ರಿಕೆಯ ಮೂಲಕ ತಿಳಿಸಲಿ. ನಾನೂ ಮಾಸ್ತರರೂ ಕೂತು ನೋಡುತ್ತೇವೆ. ಗೋಡೆಗೆ ಬಡಿಯುವ ಮೊದಲು ಮೂಗು ಮೇಲೆದ್ದಿತ್ತೋ ಕೆಳಗಿಳಿದಿತ್ತೋ ಎಂಬುದನ್ನೂ ನೆನಪು ಮಾಡಿಕೊಂಡು ಬರೆಯಲಿ. ಬಾಲ ಇತ್ತೋ ಇಲ್ಲವೋ ಎಂಬುದನ್ನು ಮರೆಯದಿರಲಿ.

ಇತಿ ತಮ್ಮ ವಿಶ್ವಾಸಿ,
ಓದುಗ, ಚಿಂಚವಡ, ಪುಣೆ