ವಿಮರ್ಶೆ ಬರೆದವರ ವಿಳಾಸ ಯಾಕೆ?

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಪುಸ್ತಕ ವಿಮರ್ಶೆ ಬರೆಯುವವರಿಗೆ ಲೇಖಕರು, ಪ್ರಕಾಶಕರು ಉಚಿತ ಪ್ರತಿ ಕಳಿಸುವುದುಂಟು. ಖುಷಿಯೇ. ಆದರೆ ಅದಕ್ಕಾಗಿ ಮನೆ ವಿಳಾಸ, ಮೊಬೈಲ್ ನಂಬರ್ ಅಪರಿಚಿತರ ಕೈ ಸೇರುತ್ತದೆ. ಇದು ಸುಮ್ನೆ ಹೆದರಿಕೆಯಲ್ಲ. ಅಮೆರಿಕದ ಲೇಖಕಿ ಕ್ಯಾಥ್ಲೀನ್ ಹೇಲ್ ತಮ್ಮ ಕಾದಂಬರಿಯನ್ನು ಆನ್‌ಲೈನ್‌ನಲ್ಲಿ ಟೀಕಿಸಿದ ಒಬ್ಬರ ವಿಳಾಸ ಪತ್ತೆ ಮಾಡಿ, ಮನೆ ಬಾಗಿಲಿಗೇ ಹೋಗಿದ್ದರು. ಅದನ್ನು 2014ರಲ್ಲಿ ‘ದಿ ಗಾರ್ಡಿಯನ್’ ಪತ್ರಿಕೆಯಲ್ಲಿ ತಾವೇ ಬರೆದುಕೊಂಡರು!

ವಿಮರ್ಶೆ ಹಿಡಿಸದಿದ್ದರೆ ಲೇಖಕರು ಸುಮ್ಮನಿರಬಹುದು, ಅಲ್ವಾ? ಬ್ಲಾಗ್ ಬರೆಯುವವರೂ ಅಷ್ಟೇ, ಪುಸ್ತಕವನ್ನು ಬೈದು ಲೇಖಕರನ್ನೇ ಟ್ಯಾಗ್ ಮಾಡಿ ಕೆಣಕಬೇಕಿಲ್ಲ. ಪ್ರಕಾಶಕರು ಇ-ಪುಸ್ತಕ ಕಳಿಸಲಿ. ಅಚ್ಚಿನ ಪ್ರತಿಯೇ ಬೇಕೆನ್ನುವವರು ಪೋಸ್ಟ್ ಬಾಕ್ಸ್ ನಂಬರ್ ಕೊಡಲಿ. ವಿಳಾಸ ಪ್ರಕಾಶಕರ ಬಳಿಯೇ ಉಳಿಯಲಿ, ಲೇಖಕರಿಗೆ ದಾಟಿಸುವುದು ಬೇಡ.

– ಒಬ್ಬ ಓದುಗ, ಶಿವಮೊಗ್ಗ