ಕರ್ಚೀಫು ಹೂದಾನಿ: ಫೋಟೊ ಹಾಕುವ ಮುನ್ನ

ಸದಸ್ಯರ ಗಮನಕ್ಕೆ: ಕರ್ಚೀಫಿನಂತೆ ಮಡಿಕೆ ಬಿದ್ದ ಗಾಜಿನ ಆಕಾರ ನೋಡಿದ ಮಾತ್ರಕ್ಕೆ ‘ವೆನಿನಿ ಫಾಝೊಲೆಟ್ಟೊ’ (ಇಟಲಿಯ ವೆನಿನಿ ಗಾಜಿನ ಕಂಪನಿಯ ಕರ್ಚೀಫು ಹೂದಾನಿ) ಎಂದು ಬರೆಯಬೇಡಿ. ವಿನ್ಯಾಸಕಾರ ಫುಲ್ವಿಯೊ ಬಿಯಾಂಕೋನಿ ಮತ್ತು ಕಂಪನಿಯ ಪಾವೊಲೊ ವೆನಿನಿ 1948ರ ಸುಮಾರಿಗೆ ರೂಪಿಸಿದ ಇದನ್ನು ವೆನಿಸ್ ಬಳಿಯ ಗಾಜಿನ ಕೆಲಸದ ದ್ವೀಪ ಮುರಾನೊದ ಬೇರೆ ಕುಲುಮೆಗಳೂ ಧಾರಾಳವಾಗಿ ನಕಲು ಮಾಡಿವೆ.

ಮೊದಲು ತಳ. ವೆನಿನಿಯ ಹಳೆಯವುಗಳಲ್ಲಿ ಹೆಚ್ಚಾಗಿ ಆಸಿಡ್‌ನಿಂದ ಮೂಡಿಸಿದ ‘ವೆನಿನಿ ಮುರಾನೊ ಇಟಾಲಿಯಾ’ ಮುದ್ರೆ ಮೂರು ಸಾಲಿನಲ್ಲಿರುತ್ತದೆ. ನೇರ ಬೆಳಕಿಗೆ ಕಾಣದು. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಸವೆತದ ಗೀರುಗಳು ದಿಕ್ಕಾಪಾಲಾಗಿರಬೇಕು. ಎಲ್ಲ ಒಂದೇ ಕಡೆಗಿದ್ದರೆ ಯಾರೋ ಮರಳುಕಾಗದ ಉಜ್ಜಿದ್ದಾರೆ.

ಆಮೇಲೆ ಅಂಚು. ಬಿಸಿ ಗಾಜು ತಾನಾಗಿ ಇಳಿಬಿದ್ದು ಮಡಿಕೆಯಾದದ್ದರಿಂದ ಅಂಚು ದುಂಡಗೆ, ನುಣುಪಾಗಿರುತ್ತದೆ. ಉಗುರು ಆಡಿಸಿ. ಎಲ್ಲಾದರೂ ಚಪ್ಪಟೆಯಾಗಿ, ಮೂಲೆ ಚೂಪಾಗಿ ತಗುಲಿತೇ? ಚಕ್ಕೆ ಎದ್ದ ಜಾಗ ಅರೆದು ಮುಚ್ಚಿದ್ದಾರೆ. ಬೆಲೆ ಇಳಿಸಿ ಕೇಳಿ.

ಒಳಗಿನ ಬಿಳಿ ಮಬ್ಬು ನೀರಿನ ಸುಣ್ಣವಾದರೆ ತೆಳು ವಿನೆಗರ್‌ಗೆ ಹೋಗುತ್ತದೆ. ಒದ್ದೆಯಿದ್ದಾಗ ಮಾಯವಾಗಿ, ವಿನೆಗರ್‌ನಲ್ಲಿ ತೊಳೆದು ಒಣಗಿಸಿದರೂ ಮರಳಿದರೆ ಗಾಜೇ ಕೆಟ್ಟಿದೆ. ಹಾಗಾಗಿ ಮಬ್ಬು ಮರೆಯಾಗುವಂತೆ ಎಣ್ಣೆ ಸವರಿದ ಅಥವಾ ಒದ್ದೆಯಾದ ಹೂದಾನಿಯ ಫೋಟೊ ಬೇಡ.

ತೊಳೆಯುವುದು ಉಗುರುಬೆಚ್ಚಗಿನ ನೀರಲ್ಲೇ. ಬಿಳಿಯ ಮೇಲೆ ಬಣ್ಣದ ಪದರವಿರುವ ಗಾಜಿಗೆ ಕುದಿನೀರು ಬಿದ್ದರೆ ಬಿರುಕು ಬಿಡಬಹುದು. ಪಾರ್ಸೆಲ್‌ಗೆ ಒಳಗೂ ಮೆತ್ತನೆ ಕಾಗದ ತುಂಬಿ, ಆದರೆ ಒತ್ತಿ ತುರುಕಬೇಡಿ.

ಎತ್ತರವನ್ನು ಸೆಂ.ಮೀ.ನಲ್ಲೇ ಬರೆಯಿರಿ.