ಚಂದಾ ಕೊಟ್ಟು ಕಟ್ಟಿದ ಬಳಗ

ಪ್ರೀತಿಯ ದೋಸ್ತ,

ರಾಣೇಬೆನ್ನೂರಿನಲ್ಲಿ ಒಂದು ಸಾಹಿತ್ಯ ಬಳಗ ಶುರು ಮಾಡಬೇಕು ಅಂತ ಬರೆದಿದ್ದೀಯ. ಓದಿ ತುಂಬ ಖುಷಿಯಾಯಿತು. ಉದ್ಘಾಟನೆಗೆ ಯಾವ ದೊಡ್ಡ ಸಾಹಿತಿಯನ್ನು ಕರೆಯಲಿ, ಅನುದಾನಕ್ಕೆ ಯಾರನ್ನು ಹಿಡಿಯಲಿ ಅಂತಲೂ ಕೇಳಿದ್ದೀಯ. ಸದ್ಯಕ್ಕೆ ಅವೆರಡನ್ನೂ ಬಿಡು. ಯಾಕೆ ಅಂತ ಹೇಳಬೇಕಾದರೆ ನಮ್ಮ ಧಾರವಾಡದ ಕಥೆ ಸ್ವಲ್ಪ ಹೇಳಬೇಕು.

1890ರ ಮಾತು. ಕನ್ನಡದವರು ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದರು. ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಓದಿದವರ ನಡುವೆ ಮರಾಠಿಗೇ ಮರ್ಯಾದೆ ಜಾಸ್ತಿ. ಆ ವರ್ಷ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಜೊತೆಗಾರರನ್ನು ಕೂಡಿಸಿಕೊಂಡು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕನ್ನಡದಲ್ಲಿ ಪುಸ್ತಕ ಬರೆಸೋದು, ಅಚ್ಚು ಹಾಕಿಸೋದು, ಬರೆಯುವವರಿಗೆ ಬೆನ್ನಿಗೆ ನಿಲ್ಲೋದು, ಇದು ಅವರ ಕೆಲಸ. 1896ರಲ್ಲಿ 'ವಾಗ್ಭೂಷಣ' ಪತ್ರಿಕೆ ಬಂತು. ಕರ್ನಾಟಕ ಅನ್ನುವ ರಾಜ್ಯವೇ ಇಲ್ಲದ ಕಾಲದಲ್ಲಿ ಸಂಘದ ಹೆಸರಿನಲ್ಲೇ ಅದನ್ನು ಸೇರಿಸಿಬಿಟ್ಟಿದ್ದರು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ, ಅಂದರೆ 83 ವರ್ಷ ಆದಮೇಲೆ! ಮುಂದೆ ಏಕೀಕರಣಕ್ಕೆ ಬದುಕನ್ನೇ ಕೊಟ್ಟ ಆಲೂರು ವೆಂಕಟರಾಯರು ಮೊದಲು ಈ 'ವಾಗ್ಭೂಷಣ'ದ ಸಂಪಾದಕರಾಗಿದ್ದವರು. ನಾವು ಒಂದೇ ನಾಡಿನವರು ಅನ್ನೋದನ್ನು ಜನ ಮೊದಲು ಓದಿ ತಿಳಿದುಕೊಂಡರು, ಒಂದೇ ರಾಜ್ಯ ಬೇಕು ಅಂತ ಕೇಳಿದ್ದು ಆಮೇಲೆ.

ಇಪ್ಪತ್ತರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಬೆಳೆಯಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಇನ್ನೂ ಎಷ್ಟೋ ಜನ. ಶ್ರೀಮಂತರಲ್ಲ. ಮಾಸ್ತರಿಕೆ ಮಾಡಿ ಹೊಟ್ಟೆ ಹೊರೆದವರೇ ಹೆಚ್ಚು. ಬರೆದದ್ದನ್ನು ಒಬ್ಬರ ಮುಂದೆ ಒಬ್ಬರು ಓದುತ್ತಿದ್ದರು, ವಾದ ಮಾಡುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ನವರಾತ್ರಿಯ ದಿನಗಳನ್ನು ನಾಡಹಬ್ಬವಾಗಿ ಮಾಡಿದರು. ಮನೆಯೊಳಗಿನ ಹಬ್ಬ ಊರಿನ ಸಭೆಯಾಯಿತು. ಭಾಷಣ, ಹಾಡು, ಕವಿತೆ ಕೇಳೋಕೆ ಜನ ಬಂದು ಕೂತರು, ಬೇರೆ ಊರುಗಳಿಗೂ ಅದು ಹಬ್ಬಿತು. ಬೇಂದ್ರೆ ಬರೆದ 'ನರಬಲಿ' ಕವಿತೆಗೆ ಬ್ರಿಟಿಷ್ ಸರ್ಕಾರ 1932ರಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಕಳಿಸಿತು. ಆಮೇಲೆ ಮುಗದ ಅನ್ನುವ ಹಳ್ಳಿಯಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಕವಿತೆ ಓದಿಕೊಳ್ಳುವ ಗುಂಪು ಅಂತ ಯಾರೂ ಅದನ್ನು ಸುಮ್ನೆ ಬಿಟ್ಟಿರಲಿಲ್ಲ ನೋಡು.

ಈಗ ನಾನು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. 1933ರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಶುರುವಾಯಿತು. ಜಿ. ಬಿ. ಜೋಶಿಯವರು ಅದನ್ನು ನಡೆಸಿದ್ದು ಚಂದಾದಾರರನ್ನು ನಂಬಿ. ಓದುಗರು ವರ್ಷದ ಚಂದಾ ಮುಂಗಡ ಕೊಡಬೇಕು, ಆ ವರ್ಷದ ಪುಸ್ತಕಗಳು ಅವರ ಮನೆ ಸೇರುತ್ತವೆ. ಯಾವ ಪುಸ್ತಕ ಅಂತ ಕಣ್ಣಿಂದ ನೋಡುವ ಮೊದಲೇ ದುಡ್ಡು ಕೊಡೋದು! ಹೀಗೆ ಊರೂರಲ್ಲಿ ಇದ್ದ ಓದುಗರ ದುಡ್ಡಿನಿಂದಲೇ ಹೊಸಬರ ಬರಹ ಅಚ್ಚಾಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದು ಇಲ್ಲಿಂದಲೇ. ಸುಭಾಸ ರಸ್ತೆಯಲ್ಲಿರುವ ಗ್ರಂಥಮಾಲೆಯ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥವರು ಕೂತು ಹಸ್ತಪ್ರತಿ ಓದಿ, ಹರಟೆ ಹೊಡೆದು, ಲೇಖಕರನ್ನು ತಿದ್ದಿದರು.

ಚಂದಾ ಕೊಟ್ಟವನಿಗೆ ಕೇಳುವ ಹಕ್ಕು ಇರುತ್ತದೆ, ಅಲ್ವಾ? ಪುಸ್ತಕ ಯಾಕೆ ತಡವಾಯಿತು, ಇಂಥದ್ದನ್ನು ಯಾಕೆ ಅಚ್ಚು ಹಾಕಿದಿರಿ, ಲೆಕ್ಕ ಎಲ್ಲಿ. ಪುರಸಭೆಯ ಮುಂದೆ ನಿಂತು ನೀರಿನ ಬಗ್ಗೆ ಕೇಳೋದಕ್ಕೂ ಇದೇ ಧೈರ್ಯ ಬೇಕು. ಅದು ಹೆಚ್ಚಿನವರಿಗೆ ಹುಟ್ಟಿನಿಂದ ಬರೋದಿಲ್ಲ, ಇಂಥ ಸಣ್ಣ ಸಭೆಗಳಲ್ಲಿ ಕೂತು ಕೂತು ಬರುತ್ತದೆ ಅಂತ ನಾನು ನಂಬಿದ್ದೇನೆ. ಗೆಳೆಯರ ಗುಂಪಿನ ಗೋಕಾಕರೇ ಮುಂದೆ ಶಾಲೆಗಳ ಭಾಷಾ ಸಮಿತಿಯ ಅಧ್ಯಕ್ಷರಾದರು. ಶಾಲೆಗಳಲ್ಲಿ ಕನ್ನಡವೇ ಮೊದಲ ಭಾಷೆಯಾಗಲಿ ಅಂದ ಆ ಸಮಿತಿಯ ವರದಿ 1981ರಲ್ಲಿ ಬಂತು. ಅದನ್ನು ಜಾರಿ ಮಾಡಿ ಅಂತ ಧಾರವಾಡದ ಸಾಹಿತಿಗಳು ಬೀದಿಗೆ ಇಳಿದದ್ದು ರಾಜ್‌ಕುಮಾರ್ ಚಳವಳಿಗೆ ಬರುವ ಮೊದಲೇ.

2015ರ ಆಗಸ್ಟ್ 30 ನಿನಗೂ ನೆನಪಿದೆ. ವಚನಗಳಿಗಾಗಿ ಬದುಕು ಸವೆಸಿದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರ ಮಾತನ್ನು ಒಪ್ಪದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಒಪ್ಪದಿದ್ದರೆ ಎದುರು ಬರೆಯಬೇಕು, ಎದುರು ಮಾತಾಡಬೇಕು. ಆ ಸಂಪ್ರದಾಯವನ್ನೇ ಬೆಳೆಸಿದ ಊರಿನಲ್ಲಿ ಹೀಗಾಯಿತಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಇನ್ನೊಂದು ಮಾತು. ನಾವು ಹೆಮ್ಮೆಯಿಂದ ಹೇಳುವ ಹಳೆಯ ಹೆಸರುಗಳಲ್ಲಿ ಹೆಚ್ಚಿನವು ಅಕ್ಷರ ಕಲಿತ ಮನೆಗಳ ಗಂಡಸರವು. ಹೆಣ್ಣುಮಕ್ಕಳು, ದಲಿತರು, ದುಡಿಯುವವರು ಆ ಅಟ್ಟ ಹತ್ತೋದು ಸುಲಭ ಇರಲಿಲ್ಲ. ನಿನ್ನ ಬಳಗ ಅಲ್ಲಿಂದಲೇ ಶುರುವಾಗಲಿ. ನಿಮ್ಮ ಸುತ್ತಮುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ, ಮಾರುಕಟ್ಟೆಯ ಹಮಾಲರಿದ್ದಾರೆ. ಅವರ ಹಾಡು, ಅವರ ಕಥೆ ಕೇಳಿದ ಮೇಲೆ ಉಳಿದವರ ಕವಿತೆ ಓದಿದರಾಯಿತು. ಅವರಿಗೆ ಪುರುಸೊತ್ತು ಇರುವ ಹೊತ್ತಿಗೇ ಸಭೆ ಇಡು.

ಜಾಗಕ್ಕೆ ಶಾಲೆಯ ಒಂದು ಕೋಣೆ ಸಾಕು. ಕೈಲಾದಷ್ಟು ಚಂದಾ ಎಲ್ಲರೂ ಕೊಡಲಿ, ಹತ್ತು ರೂಪಾಯಿಯಾದರೂ ಸರಿ. ಲೆಕ್ಕವನ್ನು ಪ್ರತಿ ಸಭೆಯಲ್ಲೂ ಎಲ್ಲರ ಮುಂದೆ ಓದು. ಜಗಳ ಬಂದರೆ ಹೆದರಿ ಮುಗಿಸಿಬಿಡಬೇಡ, ಮುಂದಿನ ಸಭೆಗೆ ಅದೇ ವಿಷಯ ಇಡು.

ಯಾವ ಭಾನುವಾರ ಅಂತ ತಿಳಿಸು, ಬೆಳಗಿನ ಗಾಡಿಗೇ ಬರುತ್ತೇನೆ. ಚಂದಾ ಎಷ್ಟು ಅಂತಲೂ ಬರೆ. ಕೊಟ್ಟ ಮೇಲೇ ಕೂರುತ್ತೇನೆ.

ನಿನ್ನ,
ಧಾರವಾಡದ ಗೆಳೆಯ